ಕೆಳಗಿಳಿದ ತಂಡ ಮರುವರ್ಷವೇ ಚಾಂಪಿಯನ್ ಆಗಿದ್ದು ಹೇಗೆ?

ಓದುಗರ ಪ್ರಶ್ನೆ: ಮಿಜೋರಾಂನ ಫುಟ್‌ಬಾಲ್ ಕ್ಲಬ್ ಐಜೋಲ್ ಎಫ್‌ಸಿ 2016-17ರಲ್ಲಿ ದೇಶದ ಲೀಗ್ ಆದ ಐ-ಲೀಗ್ ಗೆದ್ದಿತು. ಆದರೆ ಹಿಂದಿನ ವರ್ಷ ಆ ತಂಡ ಲೀಗ್‌ನಿಂದಲೇ ಹೊರಬಿದ್ದಿತ್ತಲ್ವಾ? ಮತ್ತೆ ಆಡಿದ್ದು ಹೇಗೆ? ಅದೃಷ್ಟದ ಕಪ್ ಅನ್ನಬಹುದಾ?

ಆಡಲು ಜಾಗ ಸಿಕ್ಕಿದ್ದು ಅದೃಷ್ಟ, ನಿಜ. ಕಪ್ ಮಾತ್ರ ಅದೃಷ್ಟದ್ದಲ್ಲ.

2015-16ರಲ್ಲಿ ಇದ್ದದ್ದು ಒಂಬತ್ತು ತಂಡ, ಐಜೋಲ್ ಎಂಟನೆಯದು. ಕಟ್ಟಕಡೆಗೆ ಬಂದಿದ್ದು ಡಿಎಸ್‌ಕೆ ಶಿವಾಜಿಯನ್ಸ್. ಆದರೆ ಅವರದು ನೇರ ಪ್ರವೇಶ ಪಡೆದ ತಂಡ, ಇಳಿಸುವ ಹಾಗಿರಲಿಲ್ಲ. ಹಾಗಾಗಿ ಏಟು ಐಜೋಲ್‌ಗೆ ಬಿತ್ತು. ಅಷ್ಟರಲ್ಲಿ ಲೀಗ್‌ನ ಮುಂದಿನ ಯೋಜನೆ ಒಪ್ಪದೆ ಗೋವಾದ ಕ್ಲಬ್‌ಗಳು ಹಿಂದೆ ಸರಿದವು. ಫುಟ್‌ಬಾಲ್ ಫೆಡರೇಷನ್ ಐಜೋಲನ್ನು ವಾಪಸ್ ಕರೆಯಿತು.

ಅದೃಷ್ಟದ ಲೆಕ್ಕ ಅಲ್ಲಿಗೆ ಮುಗಿಯಿತು. ಮುಂದಿದ್ದದ್ದು 18 ಪಂದ್ಯ. ನಾಕೌಟ್ ಟೂರ್ನಿಯಲ್ಲಿ ಒಂದೆರಡು ಒಳ್ಳೆ ದಿನ ಸಿಕ್ಕರೆ ಸಾಕು. ಲೀಗ್‌ನಲ್ಲಿ ಹಾಗಲ್ಲ, ತಿಂಗಳುಗಟ್ಟಲೆ ಚೆನ್ನಾಗಿ ಆಡಲೇಬೇಕು.

ಕೋಚ್ ಖಾಲಿದ್ ಜಮೀಲ್ ಏಳು ವರ್ಷ ಮುಂಬೈ ಎಫ್‌ಸಿ ನೋಡಿಕೊಂಡಿದ್ದವರು, ಆಗಷ್ಟೇ ಆ ಕೆಲಸ ಹೋಗಿತ್ತು. ಅಲ್ಲಿದ್ದ ಆಶುತೋಷ್ ಮೆಹ್ತಾ, ಜಯೇಶ್ ರಾಣೆ ಕೂಡ ಐಜೋಲ್‌ಗೆ ಬಂದರು. ಮಿಡ್‌ಫೀಲ್ಡ್‌ನಲ್ಲಿ ಸಿರಿಯಾದ ಮಹಮೂದ್ ಅಲ್ ಅಮ್ನಾ. ಜೊತೆಗೆ ಊರಿನ ಹುಡುಗರು. 2011ರ ಜನಗಣತಿಯಂತೆ ಇಡೀ ಮಿಜೋರಾಂ ಜನಸಂಖ್ಯೆ 11 ಲಕ್ಷವೂ ಇಲ್ಲ. ಆದರೂ 2014ರಲ್ಲೇ ಅವರು ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿದ್ದರು! ಚೆಂಡಿನ ಹುಚ್ಚು ಅಲ್ಲಿ ಮನೆಮನೆಯಲ್ಲೂ ಇದೆ.

2017ರ ಏಪ್ರಿಲ್ 22. ಐಜೋಲ್‌ನಲ್ಲಿ ಕೋಲ್ಕತ್ತದ ದೈತ್ಯ ಮೋಹನ್ ಬಗಾನ್ ಎದುರಾಳಿ. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಡಿಫೆಂಡರ್ ಜೊಹ್ಮಿಂಗ್ಲಿಯಾನಾ ರಾಲ್ಟೆ ಹೆಡರ್ ಹೊಡೆದರು. 1-0. ನನ್ನ ಪ್ರಕಾರ ಲೀಗ್ ತಿರುಗಿದ್ದು ಅಲ್ಲೇ.

ಎಂಟು ದಿನ ಬಿಟ್ಟು ಭಾನುವಾರ, ಶಿಲ್ಲಾಂಗ್‌ನಲ್ಲಿ ಲಾಜಾಂಗ್ ವಿರುದ್ಧ ಕೊನೆಯ ಪಂದ್ಯ. ಸೋಲದಿದ್ದರೆ ಸಾಕು. ಮಿಜೋರಾಂನಿಂದ ಅಭಿಮಾನಿಗಳು ಬೆಟ್ಟದ ರಸ್ತೆಯಲ್ಲಿ ಅಷ್ಟು ದೂರ ಬಂದು ಸ್ಟೇಡಿಯಂ ತುಂಬಿದ್ದರು. ಶುರುವಿನಲ್ಲೇ ಲಾಜಾಂಗ್‌ನ ಡಿಪಾಂಡಾ ಡಿಕಾ ಗೋಲು ಹೊಡೆದುಬಿಟ್ಟರು. ಅತ್ತ ಕೋಲ್ಕತ್ತದಲ್ಲಿ ಬಗಾನ್ ಕೂಡ ಚೆನ್ನೈ ಸಿಟಿ ವಿರುದ್ಧ ಆಡುತ್ತಿತ್ತು. ಒಂದು ಗಂಟೆ ದಾಟಿದರೂ ಐಜೋಲ್ 0-1. ಆ ಹೊತ್ತು ಇವತ್ತಿಗೂ ನೆನಪಿದೆ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. 67ನೇ ನಿಮಿಷದಲ್ಲಿ ವಿಲಿಯಂ ಲಾಲ್‌ನುನ್‌ಫೆಲಾ ಸಮ ಮಾಡಿದರು. ಅತ್ತ ಬಗಾನ್ ಗೆದ್ದಿತು. ಆದರೇನು? ಐಜೋಲ್ 37 ಪಾಯಿಂಟ್, ಬಗಾನ್ 36.

ಈಶಾನ್ಯದ ಕ್ಲಬ್ ಒಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು.

ನಾನು ಬೆಂಗಳೂರು ಎಫ್‌ಸಿ ಕಡೆಯವನು. ಆ ವರ್ಷ ಹಾಲಿ ಚಾಂಪಿಯನ್ ನಾವೇ. ನಾಲ್ಕನೇ ಸ್ಥಾನಕ್ಕೆ ಜಾರಿದ್ದೆವು, ಬೇಜಾರಿತ್ತು. ಆದರೂ ಆ ಸಂಜೆ ಐಜೋಲ್ ಹುಡುಗರು ಕುಣಿಯುವುದನ್ನು ನೋಡಿ ಕಣ್ಣು ತುಂಬಿ ಬಂತು. ನಮ್ಮದೇ ತಂಡ ಗೆದ್ದಷ್ಟು ಖುಷಿ.

ಒಂದು ನೋವು ಉಳಿದಿದೆ. ಐ-ಲೀಗ್ ಗೆದ್ದವರಿಗೆ ದೇಶದ ಇನ್ನೊಂದು ದೊಡ್ಡ ಲೀಗ್ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಏರುವ ದಾರಿ ಆಗ ಇರಲಿಲ್ಲ. ಅದು ತೆರೆದದ್ದು 2022-23ರಲ್ಲಿ, ಪಂಜಾಬ್ ತಂಡಕ್ಕೆ. ಖಾಲಿದ್ ಮಾತ್ರ ಮೇಲೇರಿದರು. 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಕೋಚ್ ಆದರು.