ಪಾವಗಡಕ್ಕೆ ಹೋಗಲು ಆಂಧ್ರವನ್ನೇಕೆ ದಾಟಬೇಕು?

ಓದುಗರ ಪ್ರಶ್ನೆ: ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ದಾರಿಯಲ್ಲಿ ಆಂಧ್ರದ ನೆಲ ಬಂದುಹೋಗುತ್ತದೆ. ನಮ್ಮದೇ ತುಮಕೂರು ಜಿಲ್ಲೆಯ ತಾಲ್ಲೂಕನ್ನು ಹೀಗೆ ಬೇರ್ಪಡಿಸಿದ ಗಡಿಯನ್ನು ಹಾಕಿದವರು ಯಾರು?

ಉತ್ತರ: 1956ರಲ್ಲಿ ಭಾಷೆ ನೋಡಿ ಈ ಗಡಿ ಹಾಕಿದರೆಂಬ ಮಾತು ನಮ್ಮ ಕಡೆ ಬಹಳ ಕೇಳಿಬರುತ್ತದೆ. ಆದರೆ ಅದರ ಬೇರು 1799ರಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡವರು ಲೆಕ್ಕದ ಪಟ್ಟಿಯನ್ನು ಮುಂದಿಟ್ಟುಕೊಂಡಿದ್ದರು. ಅದರಲ್ಲಿ ಒಂದೊಂದು ಸೀಮೆಯ ಹೆಸರಿನ ಎದುರಿಗೆ ಆಗಿನ ಹಣದ ಲೆಕ್ಕವಾದ ಕಂಠೀರಾಯ ವರಹಗಳಲ್ಲಿ ಅದರ ಹುಟ್ಟುವಳಿ ಬರೆದಿತ್ತು. ಪಾವಗಡ ಮೈಸೂರಿಗೆ ಉಳಿಯಿತು, ನೀವು ದಾರಿಯಲ್ಲಿ ದಾಟುವ ಮಡಕಶಿರಾ ಕಡೆಯ ಸೀಮೆ ಹೈದರಾಬಾದಿನ ನಿಜಾಮನ ಪಾಲಾಯಿತು. 1800ರಲ್ಲಿ ನಿಜಾಮನು ಸೈನ್ಯದ ಖರ್ಚಿಗೆಂದು ತನ್ನ ಪಾಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದರಿಂದ ಅದು ದತ್ತಮಂಡಲಕ್ಕೂ (ಹೀಗೆ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಬಂದ ಹೆಸರು), ಆ ಮೂಲಕ ಮದ್ರಾಸ್ ಪ್ರಾಂತ್ಯಕ್ಕೂ ಸೇರಿತು.

ಅಳತೆ ನಡೆದದ್ದು ಈ ಹಂಚಿಕೆಯ ನಂತರ. ಕಂಪನಿಯ ಮೋಜಣಿ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರಿನ ಗಡಿಯನ್ನೂ ಒಳನಾಡನ್ನೂ ನಕ್ಷೆಗೆ ಇಳಿಸಿದ. ಹೊಲಗಳ ಮೋಜಣಿ ಬಂದದ್ದು ಇನ್ನೂ ತಡವಾಗಿ, 1863ರಿಂದ, ಅದೂ ಬೊಂಬಾಯಿ ಪದ್ಧತಿಯಲ್ಲಿ. ಆಗಿನ ಅಳತೆಯ ಸರಪಳಿಯ ಉದ್ದ 33 ಅಡಿ, ಅದರ 16 ಭಾಗಗಳಲ್ಲಿ ಒಂದೊಂದಕ್ಕೂ ಆಣೆ ಎಂದು ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಮದ್ರಾಸಿನ ಕಡೆ ಎಕರೆಯನ್ನು 100 ಸೆಂಟುಗಳಾಗಿ ಒಡೆದರು. ಗಡಿಯ ಬಾಂದುಕಲ್ಲಿನ ಈಚೆಗೆ ಪಹಣಿಯಲ್ಲಿ ಗುಂಟೆ, ಆಚೆಗೆ ಅಲ್ಲಿನ ಪಹಣಿಯಾದ ಅಡಂಗಲ್‌ನಲ್ಲಿ ಸೆಂಟು ಇಂದಿಗೂ ನಡೆದಿದೆ. ಎರಡು ಸರ್ಕಾರಗಳ ಕಂದಾಯ ಸೇರುವ ಹೊಲಿಗೆ ಈ ಗಡಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಂಡಿಲ್ಲ.

ಭಾಷೆಯ ಪ್ರಶ್ನೆ ಬಂದಾಗಲೂ ಹಳೆಯ ಘಟಕಗಳೇ ಆಧಾರವಾದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯನ್ನು ತಾಲ್ಲೂಕುವಾರು ಒಡೆದು ಆದವಾನಿ, ಆಲೂರು, ರಾಯದುರ್ಗಗಳನ್ನು ಅತ್ತ ಕೊಟ್ಟರು. 1956ರ ವಿಂಗಡಣೆಗೆ ಆಧಾರವಾದ, ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗವಾದರೋ ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವಾಗಿ ಹಿಡಿಯಿತು. ತೆಲುಗರೇ ಹೆಚ್ಚಿದ್ದ ಕೋಲಾರ ಜಿಲ್ಲೆ ಇಡಿಯಾಗಿ ಇತ್ತಲೇ ಉಳಿದದ್ದು ಹಾಗೆ. ಅನಂತಪುರ ಜಿಲ್ಲೆಯ ಜೊತೆ ಮಡಕಶಿರಾ ಅತ್ತ ಹೋಯಿತು, ತುಮಕೂರಿನ ಜೊತೆ ಪಾವಗಡ ಇತ್ತ ಉಳಿಯಿತು.

ಈ ಗಡಿಯನ್ನು ಸರಿಸಬಹುದೇ ಎಂದರೆ, ಸಂವಿಧಾನದ 3ನೆಯ ವಿಧಿಯಂತೆ ಆ ಅಧಿಕಾರ ಸಂಸತ್ತಿನದು. ಸಂಬಂಧಿಸಿದ ವಿಧಾನಮಂಡಲಗಳ ಅಭಿಪ್ರಾಯವನ್ನು ರಾಷ್ಟ್ರಪತಿಗಳು ಮೊದಲು ಕೇಳಬೇಕು. ಆಂಧ್ರ ಮತ್ತು ಮೈಸೂರುಗಳ ನಡುವೆ ಪ್ರದೇಶ ವರ್ಗಾಯಿಸುವ ಇಂಥದೊಂದು ಕಾಯ್ದೆ 1968ರಲ್ಲಿ ಆಗಿದೆ.