ಹೆದ್ದಾರಿಗೆ ಯಾವ ಹಾಡು, ಕಲ್ಲುದಾರಿಗೆ ಯಾವುದು?

ಪ್ರಶ್ನೆ: ಮುಂದಿನ ತಿಂಗಳು ನಾವು ನಾಲ್ವರು ಗೆಳೆಯರು ಎರಡು ಜೀಪುಗಳಲ್ಲಿ ಹೊರಡುತ್ತಿದ್ದೇವೆ. ಮೊದಲ ದಿನ ಹನ್ನೊಂದು ಗಂಟೆಯ ಹೆದ್ದಾರಿ, ಆಮೇಲೆ ಎರಡು ದಿನ ಕಲ್ಲು, ಮರಳು, ಕೆಸರಿನ ಆಫ್‌ರೋಡ್ ದಾರಿ. ಹಾಡುಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ವೇಗದ ಹಾಡುಗಳನ್ನು ಜೋರಾಗಿ ಹಾಕಿದರೆ ಚಾಲಕನಿಗೆ ನಿದ್ದೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ? ಎಂಥ ಸಂಗೀತ ಇಟ್ಟುಕೊಳ್ಳಬೇಕು?

ಉತ್ತರ: ನಿದ್ದೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಅದು ನಿಜವಲ್ಲ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರಾದ ರೇನರ್ ಮತ್ತು ಹಾರ್ನ್ ಇದನ್ನೇ ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿದ್ದೆ ಸಾಲದವರನ್ನು ಕಾರಿನ ಸಿಮ್ಯುಲೇಟರಿನಲ್ಲಿ ಕೂರಿಸಿ, ಒಮ್ಮೆ ಮುಖಕ್ಕೆ ತಣ್ಣನೆಯ ಗಾಳಿ ಬಿಟ್ಟರು, ಇನ್ನೊಮ್ಮೆ ರೇಡಿಯೊ ಹಾಕಿದರು. ಎರಡರಿಂದಲೂ ಸಿಕ್ಕಿದ್ದು ತೀರಾ ಅಲ್ಪಕಾಲದ ಎಚ್ಚರ. ಗಾಡಿ ನಿಲ್ಲಿಸಲು ಒಂದು ಜಾಗ ಹುಡುಕಿಕೊಳ್ಳಲು ಸಾಕು, ಅಷ್ಟೇ. ಕಣ್ಣು ಎಳೆಯತೊಡಗಿದರೆ ಒಂದು ಲೋಟ ಕಾಫಿ ಕುಡಿದು, ಕೂಡಲೇ ಸೀಟು ಹಿಂದಕ್ಕೆ ಬಾಗಿಸಿ ಹದಿನೈದು ನಿಮಿಷ ಮಲಗಿ. ಕೆಫೀನ್ ಕೆಲಸ ಆರಂಭಿಸಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಹಾಗಾಗಿ ನೀವು ಎದ್ದು ಸುಧಾರಿಸಿಕೊಳ್ಳುವ ಹೊತ್ತಿಗೆ ಅದೂ ಎದ್ದಿರುತ್ತದೆ. ಜೋಂಪು ಹತ್ತಿದವನ ಪಕ್ಕದಲ್ಲಿ ವಾಲ್ಯೂಮ್ ಏರಿಸುತ್ತಾ ಹೋಗುವ ಗೆಳೆಯ ಉಪಕಾರ ಮಾಡುತ್ತಿಲ್ಲ. ಚಾಲಕನಿಗೆ ನಿದ್ದೆ ಬಂದಿದೆ ಎಂಬ ಸಂಗತಿಯನ್ನೇ ಅವನಿಂದ ಮುಚ್ಚಿಡುತ್ತಿದ್ದಾನೆ.

ಹಾಗಿದ್ದರೆ ಸಂಗೀತ ಮಾಡುವುದೇನು? ಬೇಸರವನ್ನು ಕಳೆಯುತ್ತದೆ. ಬೇಸರ ಬೇರೆ, ನಿದ್ದೆ ಬೇರೆ. ಚೆನ್ನಾಗಿ ಮಲಗಿ ಎದ್ದವನೂ ನೇರವಾದ ಖಾಲಿ ರಸ್ತೆಯಲ್ಲಿ ಎರಡು ಗಂಟೆ ಕಳೆದ ಮೇಲೆ ಮಂಕಾಗುತ್ತಾನೆ, ಹಿಂದಿನ ಹತ್ತು ಕಿಲೋಮೀಟರ್ ಹೇಗೆ ಕಳೆಯಿತೆಂದು ಅವನಿಗೇ ನೆನಪಿರುವುದಿಲ್ಲ. ಹಾಡು ಬೇಕಾಗಿರುವುದು ಅಲ್ಲಿ.

ವೇಗದ ಹಾಡಿನ ತೊಂದರೆ ಬೇರೆಯೇ ಇದೆ. ಅದು ಕಣ್ಣಿಗಿಂತ ಮೊದಲು ಕಾಲನ್ನು ಎಚ್ಚರಿಸುತ್ತದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ವಾರೆನ್ ಬ್ರಾಡ್‌ಸ್ಕಿ ಇದನ್ನೂ ಸಿಮ್ಯುಲೇಟರಿನಲ್ಲೇ ನೋಡಿದರು. 2001ರ ಆ ಪ್ರಬಂಧದ ಪ್ರಕಾರ ಸಂಗೀತದ ಲಯ ಏರಿದಂತೆ ಗಾಡಿಯ ವೇಗವೂ ಏರಿತು, ಕೆಂಪು ದೀಪ ದಾಟುವಂಥ ತಪ್ಪುಗಳೂ ಹೆಚ್ಚಿದವು. ಅವರ ಲೆಕ್ಕದಲ್ಲಿ ನಿಮಿಷಕ್ಕೆ 40ರಿಂದ 70 ತಟ್ಟುಗಳಿರುವುದು ನಿಧಾನದ ಲಯ, 85ರಿಂದ 110 ಮಧ್ಯಮ, 120 ದಾಟಿದರೆ ವೇಗದ್ದು. ಹಾಡು ಯಾವ ಗುಂಪಿನದೆಂದು ತಿಳಿಯಲು ಆ್ಯಪ್ ಬೇಕಿಲ್ಲ. ಮನೆಯಲ್ಲಿ ಕೂತು ಹಾಡಿನ ಜೊತೆ ಮೇಜು ತಟ್ಟುತ್ತಾ ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ನಾನು ಹೆದ್ದಾರಿಗೆ ಇಟ್ಟುಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಮಧ್ಯಮ ಲಯದವು. ದ್ರುತ ಲಯದ ನಾಲ್ಕಾರು ಹಾಡುಗಳೂ ಇರುತ್ತವೆ, ಆದರೆ ಒಂದರ ಹಿಂದೊಂದು ಬರದಂತೆ ಬಿಡಿಬಿಡಿಯಾಗಿ.

ಎರಡನೆಯ ಸಂಗತಿಯನ್ನು ಹೆಚ್ಚಿನವರು ಹೊರಟ ಮೇಲೆ ಕಂಡುಕೊಳ್ಳುತ್ತಾರೆ: ಮನೆಯಲ್ಲಿ ಚೆನ್ನಾಗಿ ಕೇಳಿಸುವುದು ಗಾಡಿಯಲ್ಲಿ ಕೇಳಿಸುವುದೇ ಇಲ್ಲ. ರಸ್ತೆಯ ಮೊರೆತ ಬಹುಪಾಲು ಕೆಳಸ್ಥಾಯಿಯದು, ಅದು ಹಾಡಿನ ಕೆಳಸ್ಥಾಯಿಯನ್ನು ನುಂಗುತ್ತದೆ. ಆಫ್‌ರೋಡ್‌ಗೆಂದು ದೊಡ್ಡ ಗಡ್ಡೆಗಳ ಮಡ್ ಟೈರ್ ಹಾಕಿಸಿದ್ದರಂತೂ ಡಾಂಬರಿನ ಮೇಲೆ ಅವುಗಳದೇ ಒಂದು ಹಾಡು ನಡೆದಿರುತ್ತದೆ. ಇನ್ನು ಆಲಾಪದಿಂದ ಆರಂಭವಾಗುವ ಅರ್ಧ ಗಂಟೆಯ ಕಛೇರಿಯನ್ನು ಹಾಕಿ ನೋಡಿ. ಮೊದಲ ಐದು ನಿಮಿಷ ಪಿಸುಮಾತಿನಷ್ಟು ಮೆಲ್ಲಗಿರುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಇನ್ನಷ್ಟು ಏರಿಸುತ್ತೀರಿ. ಆಮೇಲೆ ತಬಲಾ ಬಂದು ಕಿವಿಗೆ ಅಪ್ಪಳಿಸುತ್ತದೆ. ತಪ್ಪು ರಾಗದ್ದಲ್ಲ, ಜಾಗದ್ದು. ಸದ್ದು ಆದಿಯಿಂದ ಅಂತ್ಯದವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ ಧ್ವನಿಮುದ್ರಣಗಳನ್ನು ಆರಿಸಿ. ನಿಮ್ಮ ಆ್ಯಪಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಇದ್ದರೆ ಚಾಲೂ ಮಾಡಿಕೊಳ್ಳಿ. ಹಳೆಯ ಮತ್ತು ಹೊಸ ಹಾಡುಗಳ ನಡುವಿನ ಏರುಪೇರನ್ನು ಅದು ತಕ್ಕಮಟ್ಟಿಗೆ ಸರಿದೂಗಿಸುತ್ತದೆ.

ಜೋರು ಸದ್ದು ಆಯಾಸವನ್ನೂ ತರುತ್ತದೆ. ನನ್ನ ಅಳತೆಗೋಲು ಸರಳ: ಪಕ್ಕದಲ್ಲಿರುವವರು ದನಿಯೇರಿಸದೆ ಮಾತಾಡಬಹುದು, ಹಿಂದಿನ ಗಾಡಿಯ ಹಾರ್ನ್ ಕೇಳಿಸುತ್ತದೆ ಎಂದಾದರೆ ಸರಿ. ಅದಕ್ಕಿಂತ ಮೇಲೆ ಬೇಡ.

ಹನ್ನೊಂದು ಗಂಟೆಗಳೆಲ್ಲ ಒಂದೇ ಬಗೆಯವಲ್ಲ. ನಸುಕಿನಲ್ಲಿ ಹೊರಟಾಗ ಯಾರಿಗೂ ಹೆಚ್ಚು ಸದ್ದು ಹಿಡಿಸುವುದಿಲ್ಲ, ವಾದ್ಯ ಸಂಗೀತ ಸಾಕು. ಊರುಗಳನ್ನು ಹಾಯುವಾಗ, ಮಳೆ ಸುರಿಯುವಾಗ, ತಿರುವು ಹುಡುಕುವಾಗ ಸಂಗೀತವೇ ಬೇಡ. ವಿಳಾಸ ಹುಡುಕುತ್ತಾ ನಮಗೆ ಗೊತ್ತಿಲ್ಲದಂತೆ ವಾಲ್ಯೂಮ್ ಇಳಿಸುತ್ತೇವಲ್ಲ, ಅದನ್ನು ಕಂಡು ನಗುವವರಿದ್ದಾರೆ. ಆದರೆ ಆ ಕೈಗೆ ಬುದ್ಧಿಯಿದೆ. ಮಧ್ಯಾಹ್ನ ಎರಡರಿಂದ ನಾಲ್ಕು ದೇಹ ತಾನಾಗಿ ಕುಗ್ಗುವ ಹೊತ್ತು. ಆಗ ಎಲ್ಲರಿಗೂ ಬಾಯಿಪಾಠವಾಗಿರುವ, ಜೊತೆಗೂಡಿ ಹಾಡಬಹುದಾದ ಹಾಡುಗಳನ್ನು ಹಾಕಿ. ಗಾಡಿಯಲ್ಲಿ ಹೊಸ ಆಲ್ಬಂ ಕೇಳುವುದು ನನಗೆ ಒಗ್ಗುವುದಿಲ್ಲ, ಪದ ಹಿಡಿಯಲು ಕಿವಿ ಮುಂದೆ ಬಾಗಿದಾಗ ರಸ್ತೆ ಒಂದಿಷ್ಟು ಹಿಂದೆ ಸರಿಯುತ್ತದೆ. ಪಾಡ್‌ಕಾಸ್ಟ್, ಆಡಿಯೊ ಪುಸ್ತಕಗಳಿಗೂ ಇದೇ ಮಾತು: ಖಾಲಿ ಹೆದ್ದಾರಿಗೆ ಸೊಗಸು, ಸಂದಣಿಗೆ ಅಲ್ಲ.

ಹಾಡು ಬದಲಿಸುವ ಅಧಿಕಾರ ಚಾಲಕನಿಗೆ ಇರಬಾರದು. ಬೇಡ ಎನ್ನುವ ಅಧಿಕಾರ ಮಾತ್ರ ಇರಲಿ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಓಡುತ್ತದೆ; ಎರಡು ಸೆಕೆಂಡು ಮೊಬೈಲ್ ಪರದೆ ನೋಡಿದರೆ 50 ಮೀಟರ್ ಕುರುಡಾಗಿ ಓಡಿಸಿದಂತೆ.

ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ. 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೊಬಿಟ್) ಗುಣಮಟ್ಟದಲ್ಲಿ ಒಂದು ಗಂಟೆಯ ಸಂಗೀತ 144 ಎಂಬಿ ಆಗುತ್ತದೆ, ಹನ್ನೊಂದು ಗಂಟೆಗೆ ಸುಮಾರು 1.6 ಜಿಬಿ. ಹೊರಡುವ ಮುನ್ನ ಇಳಿಸಿಕೊಂಡು, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಒಮ್ಮೆ ನುಡಿಸಿ ನೋಡಿ. ಪೆನ್‌ಡ್ರೈವ್ ಒಯ್ಯುವುದಾದರೆ ಅದನ್ನು ಫ್ಯಾಟ್32 (FAT32) ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಹಳೆಯ ಕಾರ್ ಸ್ಟೀರಿಯೊಗಳಲ್ಲಿ ಅನೇಕವು ಬೇರೆ ಮಾದರಿಯನ್ನು ಓದುವುದಿಲ್ಲ. ಕೆಲವು ಸ್ಟೀರಿಯೊಗಳು ಹಾಡಿನ ಹೆಸರು ನೋಡದೆ, ನೀವು ನಕಲು ಮಾಡಿದ ಕ್ರಮದಲ್ಲೇ ನುಡಿಸುತ್ತವೆ.

ಈಗ ಆಫ್‌ರೋಡ್. ಇಲ್ಲಿ ನನ್ನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ: ಡಾಂಬರು ಬಿಟ್ಟ ಮೇಲೆ ಸಂಗೀತ ನಿಲ್ಲಿಸಿ, ಕಿಟಕಿ ಇಳಿಸಿ.

ಕಾರಣ ಶಿಸ್ತಲ್ಲ, ಅನುಭವ. ಮೊದಲ ಸಲ ಬಂಡೆಗಳ ಏರು ಹತ್ತುವಾಗ ನಾನು ಹುರುಪಿಗೆಂದು ಡೋಲಿನ ಹಾಡೊಂದನ್ನು ಹಾಕಿಕೊಂಡಿದ್ದೆ. ಗೆಳೆಯ ಎದುರಿಗೆ ನಿಂತು ಕೈಸನ್ನೆ ಮಾಡುತ್ತಿದ್ದ. ಅವನು ಎಡಗಡೆಗೆ ಸರಿದು ಗಾಡಿಯ ಮುಂಗಾಜಿನ ಪಕ್ಕದ ಕಂಬದ ಮರೆಗೆ ಹೋದ ಗಳಿಗೆಯಲ್ಲೇ "ನಿಲ್ಲಿಸು!" ಎಂದು ಕೂಗಿದನಂತೆ. ಎರಡು ಸಲ ಕೂಗಿದನಂತೆ. ನನಗೆ ಕೇಳಿಸಿದ್ದು ಡೋಲು ಮಾತ್ರ. ಆಮೇಲೆ ಸೀಟಿನಡಿಯಿಂದ ಕರ್ರೆಂದು ಒಂದು ನಡುಕ ಬಂತು. ಇಳಿದು ನೋಡಿದರೆ ಬಾಗಿಲ ಕೆಳಗಿನ ಮೆಟ್ಟಿಲು ಬಂಡೆಗೆ ಸಿಕ್ಕಿ ಬಿಲ್ಲಿನಂತೆ ಬಾಗಿತ್ತು.

ಆ ದಾರಿಯಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಚಕ್ರಗಳು ನಿಮಗೆ ಕಾಣಿಸುವುದಿಲ್ಲ, ಅವುಗಳ ಸುದ್ದಿ ಕಿವಿಗೇ ಬರಬೇಕು. ಹಿಡಿತವಿರುವ ಟೈರ್ ಜಲ್ಲಿಯನ್ನು ಗರಗರ ಅಗಿಯುತ್ತದೆ. ಹಿಡಿತ ತಪ್ಪಿದ ಕೂಡಲೇ ಆ ಸದ್ದು ನಯವಾಗಿ ಸುಯ್ಯೆನ್ನುತ್ತದೆ, ಎಂಜಿನ್ ಹಗುರಾಗಿ ಏರುದನಿ ತೆಗೆಯುತ್ತದೆ. ಮರಳಿನಲ್ಲಿ ಇದಕ್ಕೆ ತಿರುವುಮುರುವು. ಅಲ್ಲಿ ಎಂಜಿನ್ನಿನ ದನಿ ಕುಗ್ಗಿ ಮುಕ್ಕರಿಸತೊಡಗಿತು ಎಂದರೆ ಗಾಡಿ ಓಟ ಕಳೆದುಕೊಳ್ಳುತ್ತಿದೆ, ಇನ್ನೆರಡು ಮಾರು ಹೋದರೆ ಹೂತುಕೊಳ್ಳುತ್ತದೆ. ಹಿಡಿತಕ್ಕೆಂದು ಗಾಳಿ ಇಳಿಸಿದ ಟೈರ್ ರಿಮ್ಮಿನ ಅಂಚಿನಿಂದ ಸಡಿಲವಾದರೆ ಬುಸ್ಸೆಂಬ ಸಣ್ಣ ಸದ್ದು ಬರುತ್ತದೆ. ಆಗಲೇ ನಿಲ್ಲಿಸಿದರೆ ಟೈರ್ ಉಳಿದೀತು. ಇದರ ಮೇಲೆ ಎರಡನೆಯ ಜೀಪಿನಿಂದ ವಾಕಿಟಾಕಿಯಲ್ಲಿ ಬರುವ ಮಾತು. ಇಷ್ಟಕ್ಕೆಲ್ಲ ಕಿವಿಗೊಡಬೇಕಾದವನಿಗೆ ಹಾಡು ಇನ್ನೊಂದು ಗಲಾಟೆ.

ಎರಡು ಕಠಿಣ ಜಾಗಗಳ ನಡುವೆ ಸಪಾಟಾದ ಮಣ್ಣುದಾರಿ ಸಿಕ್ಕಿದರೆ ಮೆಲ್ಲನೆಯ ದನಿಯಲ್ಲಿ ಏನಾದರೂ ಹಾಕಿ, ತಕರಾರಿಲ್ಲ. ಆದರೆ ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕಾಗುವಂತಿರಲಿ. ಕುಲುಕಾಟದಲ್ಲಿ ಪರದೆಯ ಮೇಲೆ ಬೆರಳು ನಿಲ್ಲುವುದಿಲ್ಲ.

ನೀವು ಕಷ್ಟಪಟ್ಟು ಮಾಡಿದ ಪಟ್ಟಿಯ ಒಳ್ಳೆಯ ಭಾಗವನ್ನು ಸಂಜೆಗೆ ಎತ್ತಿಡಿ. ಡೇರೆ ಹಾಕಿದ ಮೇಲೆ ಆಲಾಪವನ್ನೂ ಪೂರ್ತಿ ಕೇಳಬಹುದು. ಅದಕ್ಕೆ ಜೀಪಿನ ಸ್ಟೀರಿಯೊ ಬೇಡ, ಎಂಜಿನ್ ಆರಿಸಿ ಗಂಟೆಗಟ್ಟಲೆ ನುಡಿಸಿದರೆ ಬೆಳಿಗ್ಗೆ ಬ್ಯಾಟರಿ ಕೈಕೊಡುತ್ತದೆ. ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್ ಒಯ್ಯಿರಿ, ಹೆದ್ದಾರಿಯಲ್ಲಿರುವಾಗಲೇ ಚಾರ್ಜ್ ಮಾಡಿಟ್ಟುಕೊಳ್ಳಿ.