ಮಲ್ಚಿಂಗ್ ಶೀಟ್: ಮೊದಲ ಹತ್ತು ಗುಂಟೆಗೆ ಟಿಪ್ಪಣಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ತೋಟದಲ್ಲಿ ಮಣ್ಣು ಮುಚ್ಚಲು ಹಾಸಿರುವ ಪ್ಲಾಸ್ಟಿಕ್ ಶೀಟ್ ನೋಡಿರುತ್ತೀರಿ. ಒಂದು ಬದಿ ಬೆಳ್ಳಿ ಬಣ್ಣ, ಇನ್ನೊಂದು ಕಪ್ಪು. ಬೆಳ್ಳಿ ಬದಿ ಮೇಲಕ್ಕಿರಬೇಕು. ಅದು ಬೆಳಕನ್ನು ಎಲೆಯಡಿಗೆ ತಿರುಗಿಸುವುದರಿಂದ ಎಳೆ ಗಿಡಕ್ಕೆ ಬಿಳಿನೊಣ, ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳುಗಳ ಕಾಟ ಕಡಿಮೆ. ಕೆಳಗಿನ ಕಪ್ಪು ಬದಿ ಕಳೆಗೆ ಬೆಳಕೇ ಬಿಡುವುದಿಲ್ಲ. ಆದರೆ ಕೊನ್ನಾರಿ ಎಂಬ ಗಡ್ಡೆಯ ಕಳೆ ಬಗ್ಗುವುದಿಲ್ಲ, ಶೀಟನ್ನೇ ಚುಚ್ಚಿಕೊಂಡು ಮೇಲೇಳುತ್ತದೆ. ಅದನ್ನು ಮೊದಲೇ ಗಡ್ಡೆ ಸಮೇತ ಆರಿಸಿ.

ಈಗ ಲೆಕ್ಕ. ಹತ್ತು ಗುಂಟೆ ಅಂದರೆ 10,890 ಚದರ ಅಡಿ. ಒಂದು ಮಡಿಯ (ಸಸಿ ನೆಡಲು ಎತ್ತರಿಸಿದ ಮಣ್ಣಿನ ಸಾಲು) ನಡುವಿನಿಂದ ಮುಂದಿನದರ ನಡುವಿಗೆ 5 ಅಡಿ ಇಟ್ಟರೆ ಎಲ್ಲ ಮಡಿ ಸೇರಿ 2,178 ಅಡಿ ಉದ್ದ, ಅಂದರೆ ಸುಮಾರು 664 ಮೀಟರ್. 400 ಮೀಟರಿನ ಎರಡು ರೋಲ್ ಸಾಕು. ಶೀಟಿನ ಅಗಲ 4 ಅಡಿ ಇದ್ದರೆ ಮಡಿಯ ತಲೆ 2 ಅಡಿ, ಎರಡೂ ಪಕ್ಕ ಅರ್ಧರ್ಧ ಅಡಿ ಎತ್ತರ, ಉಳಿದ ಅರ್ಧರ್ಧ ಅಡಿ ಮಣ್ಣಿನಡಿ ಹೂಳಲು. ದಪ್ಪ 25 ಅಥವಾ 30 ಮೈಕ್ರಾನ್ ಇರಲಿ. ಸಹಾಯಧನದ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ಕೊಳ್ಳುವ ಮುಂಚೆಯೇ ವಿಚಾರಿಸಿ.

ನನ್ನ ಪ್ರಕಾರ ಅರ್ಧ ಬೆಳೆ ನಿರ್ಧಾರ ಆಗುವುದು ಶೀಟ್ ಹಾಸುವ ಮುಂಚೆಯೇ. ಮುಚ್ಚಿದ ಮೇಲೆ ಒಳಗೆ ಕೈಯಾಡಿಸಲು ಆಗಲ್ಲ ಅಲ್ವಾ? ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹೆಂಟೆ ಒಡೆದು, ಕಲ್ಲು, ಕೂಳೆ ಆರಿಸಿ, ಮಡಿಯ ತಲೆಯನ್ನು ಹಲಗೆ ಎಳೆದು ಸಮ ಮಾಡಿ. ಡ್ರಿಪ್ ಪೈಪ್ ಎಳೆದು ನೀರು ಬಿಡಿ, ಪ್ರತಿ ತೂತೂ ತೊಟ್ಟಿಕ್ಕುತ್ತಿದೆಯಾ ನೋಡಿ. ಆಮೇಲೇ ಹಾಸುವುದು, ಅದೂ ಗಾಳಿ ಇಲ್ಲದ ಹೊತ್ತಲ್ಲಿ. ಇಬ್ಬರು ಹಿಡಿದು ಹೋಗಲಿ, ಹಿಂದೆ ಇನ್ನಿಬ್ಬರು ಅಂಚಿಗೆ ಮಣ್ಣೆಳೆಯಲಿ. ಬಿಗಿಯಾಗಿ ಜಗ್ಗಬೇಡಿ, ಸಡಿಲವೂ ಬಿಡಬೇಡಿ: ಗಾಳಿಗೆ ಪಟಪಟ ಬಡಿದರೆ ಸಸಿಯ ಕಾಂಡ ಉಜ್ಜಿಹೋಗುತ್ತದೆ.

ಶೀಟಿನಲ್ಲಿ ಸಸಿ ನೆಡುವ ತೂತಿಗೆ ಬ್ಲೇಡ್ ಬೇಡ, ಕೊಯ್ದ ಜಾಗದಿಂದ ಹರಿಯುತ್ತಾ ಹೋಗುತ್ತದೆ. ಕಾಯಿಸಿದ ಕಬ್ಬಿಣದ ಪೈಪ್ ಒತ್ತಿದರೆ ಅಂಚು ಕರಗಿ ದುಂಡಗೆ ನಿಲ್ಲುತ್ತದೆ. ಸಸಿ ತೂತಿನ ನಡುವೆ ನೆಟ್ಟಗಿರಲಿ, ಕಾಂಡ ಶೀಟಿಗೆ ತಾಗಿದರೆ ಬಿಸಿಲಲ್ಲಿ ಸುಟ್ಟುಕೊಳ್ಳುತ್ತದೆ.

ಹೊಸಬರು ನೀರು ಜಾಸ್ತಿ ಬಿಡುತ್ತಾರೆ. ಹೊರಗೆ ಒಣಗಿದ್ದರೂ ಒಳಗೆ ಹಸಿ ಇರುತ್ತದೆ. ತೂತಲ್ಲಿ ಬೆರಳಿಟ್ಟು ಮಣ್ಣು ತೆಗೆದು ಅಮುಕಿ. ಉಂಡೆ ನಿಂತರೆ ಇವತ್ತು ನೀರು ಬೇಡ.

ಬೆಳೆ ಮುಗಿದ ಮೇಲೆ ಗಿಡ ಬುಡಕ್ಕೆ ಕತ್ತರಿಸಿ, ಅಂಚಿನ ಮಣ್ಣು ಬಿಡಿಸಿ, ಶೀಟನ್ನು ಪೂರ್ತಿ ಸುತ್ತಿ ಹೊರಗೆ ಹಾಕಿ. ಸುಡಬೇಡಿ. ಚೂರು ಉಳಿಸಿ ಟಿಲ್ಲರ್ ಹೊಡೆಸಿದರೆ ಅದು ಮಣ್ಣಲ್ಲಿ ಕರಗುವುದಿಲ್ಲ, ಮುಂದಿನ ಬೆಳೆಯ ಬೇರಿಗೆ ಅಡ್ಡ ಬರುತ್ತದೆ.